ಸೀಟಿ ಊದುವ ಹುಡುಗನಿಗೆ ಎಷ್ಟು ಫೌಲು ಮಾಫಿ?

ಆಡುವ ಹುಡುಗನಿಗೆ ಐದು ಫೌಲಿನ ತನಕ ರಿಯಾಯಿತಿ ಉಂಟು. ಐದನೆಯದು ಬಿದ್ದ ಮೇಲಷ್ಟೇ ಅವನು ಅಂಕಣ ಬಿಟ್ಟು ಬೆಂಚಿಗೆ ಹೋಗಬೇಕು. ಸೀಟಿ ಊದುವ ಹುಡುಗನ ಲೆಕ್ಕವೇ ಬೇರೆ. ಅವನು ಒಂದು ಸಲ ತಪ್ಪಿದರೆ ಸಾಕು, ಮೆಟ್ಟಿಲ ಮೇಲೆ ಕೂತವರು ಅವನ ಅಪ್ಪ, ಅಜ್ಜ, ಮುತ್ತಜ್ಜನವರೆಗೂ ವಿಚಾರಿಸಿಕೊಳ್ಳುತ್ತಾರೆ.

ಜಿಲ್ಲಾ ಕೇಂದ್ರದಲ್ಲಿ ದೀಪದ ಬೆಳಕಿನ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಎಂದರೆ ಅರ್ಧ ಜಾತ್ರೆ. ಬಟ್ಟೆ ಅಂಗಡಿಯವರು ಕಪ್ ಕೊಡುತ್ತಾರೆ. ಹೋಟೆಲಿನವರು ಆಟಗಾರರ ತಿಂಡಿ ನೋಡಿಕೊಳ್ಳುತ್ತಾರೆ. ಶಾಮಿಯಾನದವರು ಕುರ್ಚಿ ಹಾಕಿಸುತ್ತಾರೆ. ಕೊನೇ ಬಸ್ಸಿಗೆ ಇನ್ನೂ ಹೊತ್ತಿದೆ ಎನ್ನುವವರು ಕೈಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಕೂರುತ್ತಾರೆ. ಕೊಟ್ಟವರ ಹೆಸರೆಲ್ಲ ಬ್ಯಾನರಿನಲ್ಲಿ ಇರುತ್ತದೆ. ಆಡುವವರ ಹೆಸರು ಮೈಕಿನಲ್ಲಿ ಮೊಳಗುತ್ತದೆ. ಬೂದು ಅಂಗಿ, ಕರಿ ಪ್ಯಾಂಟು ತೊಟ್ಟು ನಡುವೆ ಓಡಾಡುವ ಇಬ್ಬರ ಹೆಸರು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ‘ಏಯ್ ರೆಫರಿ’ ಅಂದರೆ ಮುಗಿಯಿತು.

ಆ ಇಬ್ಬರಲ್ಲಿ ಒಬ್ಬ ಹೊಸಬ. ಹೆಸರು ಬೇಡ. ಇಂಥವನು ಪ್ರತಿ ಜಿಲ್ಲಾ ಕೇಂದ್ರದಲ್ಲೂ ಒಬ್ಬನಿರುತ್ತಾನೆ. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಊರು ಹತ್ತು ಹನ್ನೆರಡು ಕಿಲೋಮೀಟರು ಆಚೆ; ದಿನವೂ ಬಸ್ಸಿನಲ್ಲೇ ಓಡಾಟ. ಕಾಲೇಜಿನಲ್ಲಿ ಎರಡು ವರ್ಷ ಆಡಿದ. ಎತ್ತರ ಐದಡಿ ಐದಂಗುಲಕ್ಕೆ ನಿಂತುಬಿಟ್ಟಿತು, ತಂಡದಲ್ಲಿ ಜಾಗ ಸಿಗಲಿಲ್ಲ. ಆಟ ಬಿಡುವುದಕ್ಕೆ ಮಾತ್ರ ಮನಸ್ಸಾಗಲಿಲ್ಲ. ನಿಯಮದ ಪುಸ್ತಕ ಓದಿದ, ಶಿಬಿರಕ್ಕೆ ಹೋದ, ಪರೀಕ್ಷೆ ಬರೆದು ಪಾಸಾದ. ಕಾಗದ ಸಿಕ್ಕಿತು. ಪಂದ್ಯ ಸಿಗಲಿಲ್ಲ.

‘ಅನುಭವ ಇಲ್ಲವಲ್ಲಪ್ಪಾ, ನಿನಗೆ ಹೆಂಗೆ ಕೊಡೋದು?’ ಎಂದರು ಸಂಘಟಕರು.

ಪಂದ್ಯ ಕೊಡದೆ ಅನುಭವ ಎಲ್ಲಿಂದ ಬಂದೀತು? ಈಜು ಕಲಿತ ಮೇಲೆ ಕೆರೆಗೆ ಇಳಿ ಎಂದ ಹಾಗಾಯಿತು.

ಮೊದಲು ಪೆನ್ನು, ಆಮೇಲೆ ಸೀಟಿ

ಅವನಿಗೆ ದಾರಿ ತೋರಿಸಿದವರು ರಿಟೈರಾದ ಒಬ್ಬ ಪಿ.ಟಿ. ಮೇಷ್ಟ್ರು. ಅವರು ಸೀಟಿ ಕೊಡಲಿಲ್ಲ, ಪೆನ್ನು ಕೊಟ್ಟರು. ‘ಮೊದಲು ಟೇಬಲ್ಲಿನಲ್ಲಿ ಕೂತ್ಕೋ. ಒಂದು ಸೀಸನ್ನು ಬರಿ. ಊದೋದು ಆಮೇಲೆ ನೋಡೋಣ’ ಎಂದರು.

ಹುಡುಗನಿಗೆ ಸ್ವಲ್ಪ ಬೇಜಾರೇ ಆಯಿತು. ಆದರೆ ಸ್ಕೋರ್‌ಶೀಟು ಬಿಡಿಸಿ ನೋಡಿದಾಗ ಇದು ಅಂಗಡಿಯ ಖಾತೆ ಪುಸ್ತಕದ ತಮ್ಮನೇ ಅನ್ನಿಸಿತು. ಬುಟ್ಟಿಗೆ ಚೆಂಡು ಬಿದ್ದರೆ ಅಂಕದ ಮೇಲೆ ಒಂದು ಓರೆ ಗೆರೆ, ಪಕ್ಕದಲ್ಲಿ ಹಾಕಿದವನ ನಂಬರು. ಮೂರು ಅಂಕದ್ದಾದರೆ ಆ ನಂಬರಿಗೆ ಸುತ್ತು. ಫ್ರೀ ಥ್ರೋ ಆದರೆ ತುಂಬಿದ ಚುಕ್ಕೆ. ಒಂದನೆಯ ಮತ್ತು ಮೂರನೆಯ ಕ್ವಾರ್ಟರಿಗೆ ಕೆಂಪು ಶಾಯಿ, ಎರಡು ಮತ್ತು ನಾಲ್ಕಕ್ಕೆ ನೀಲಿ ಇಲ್ಲವೆ ಕಪ್ಪು. ಪ್ರತಿ ಆಟಗಾರನ ಮುಂದೆ ಐದು ಮನೆ, ಫೌಲು ಬರೆಯಲಿಕ್ಕೆ. ತಂಡದ ಫೌಲಿಗೆ ಬೇರೆ ಮನೆ: ಒಂದು ಕ್ವಾರ್ಟರಿನಲ್ಲಿ ನಾಲ್ಕರ ತನಕ ಸಾಧಾರಣ, ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ.

ಪಕ್ಕದಲ್ಲಿ ಕೂತವನ ಕೈಯಲ್ಲಿ 24 ಸೆಕೆಂಡಿನ ಗಡಿಯಾರ. ಚೆಂಡು ಹಿಡಿದ ತಂಡ ಅಷ್ಟರೊಳಗೆ ಬುಟ್ಟಿಗೆ ಎಸೆಯಬೇಕು. ರಿಂಗಿಗೆ ತಗಲಿ ಮತ್ತೆ ಅದೇ ತಂಡದ ಕೈಗೆ ಬಂದರೆ 24 ಅಲ್ಲ, 14. ಈ ಕೆಲಸದಲ್ಲಿ ರೆಪ್ಪೆ ಬಡಿಯಲೂ ಪುರುಸೊತ್ತಿಲ್ಲ.

ಮೇಜಿನ ಕೆಲಸ ಸಣ್ಣದು ಅನ್ನುವವರು 1972ರ ಮ್ಯೂನಿಕ್ ಒಲಿಂಪಿಕ್ಸ್ ನೆನೆಯಬೇಕು. ಫೈನಲ್ಲಿನಲ್ಲಿ ಅಮೆರಿಕ 50, ಸೋವಿಯತ್ ರಷ್ಯ 49. ಉಳಿದದ್ದು ಮೂರೇ ಸೆಕೆಂಡು. ಟೈಮ್‌ಔಟ್ ಕೇಳಿದ್ದರೋ ಇಲ್ಲವೋ, ಗಡಿಯಾರ ಸರಿಯಾಗಿ ತಿರುಗಿಸಿದರೋ ಇಲ್ಲವೋ ಎಂಬ ಗೊಂದಲದಲ್ಲಿ ಆ ಮೂರು ಸೆಕೆಂಡನ್ನು ಮತ್ತೆ ಮತ್ತೆ ಆಡಿಸಿದರು. ಕೊನೆಯ ಸಲ ರಷ್ಯದ ಅಲೆಕ್ಸಾಂಡರ್ ಬೆಲೋವ್ ಚೆಂಡು ಹಾಕಿಬಿಟ್ಟ. 51-50. ಬ್ರೆಜಿಲ್ಲಿನ ರೆಫರಿ ರೆನಾಟೋ ರಿಗೆಟ್ಟೋ ಸ್ಕೋರ್‌ಶೀಟಿಗೆ ಸಹಿ ಹಾಕಲು ಒಪ್ಪಲಿಲ್ಲ. ಅಮೆರಿಕದ ಹುಡುಗರು ಬೆಳ್ಳಿ ಪದಕ ಮುಟ್ಟಲಿಲ್ಲ. ಮೇಜಿಗೂ ಸೀಟಿಗೂ ಮಾತು ತಪ್ಪಿದರೆ ಇಷ್ಟಾಗುತ್ತದೆ. ಮೇಷ್ಟ್ರು ಪೆನ್ನು ಕೊಟ್ಟದ್ದು ಇದಕ್ಕೇ.

ಪುಸ್ ಎಂದ ಸೀಟಿ

ಮೊದಲು ಊದಿದ್ದು ಒಂದು ಭಾನುವಾರ ಬೆಳಿಗ್ಗೆ, ಶಾಲೆಯ ಪುಟ್ಟ ಹುಡುಗಿಯರ ಅಭ್ಯಾಸ ಪಂದ್ಯಕ್ಕೆ. ನೋಡುವವರು ಎಂದರೆ ನಾಲ್ಕು ಜನ ತಾಯಂದಿರು, ಒಂದು ನಾಯಿ. ಮೊದಲ ಫೌಲು ಕಂಡಿತು. ಊದಿದ. ಸೀಟಿ ಪುಸ್ ಎಂದಿತು. ಹುಡುಗಿಯರು ಆಡುತ್ತಲೇ ಇದ್ದರು.

‘ಮೆಲ್ಲಗೆ ಊದಿದರೆ ಅವರನ್ನ ಕೇಳಿದ ಹಾಗೆ. ಗಟ್ಟಿಯಾಗಿ ಊದಿದರೆ ಹೇಳಿದ ಹಾಗೆ. ನೀನು ಕೇಳೋಕೆ ಬಂದಿಲ್ಲ, ಹೇಳೋಕೆ ಬಂದಿದೀಯ’ ಎಂದರು ಮೇಷ್ಟ್ರು.

ಊದಿದ ಮೇಲೆ ಕೈ ಮಾತಾಡಬೇಕು. ಫೌಲಾದರೆ ಮುಷ್ಟಿ ಮೇಲಕ್ಕೆ. ಹೆಜ್ಜೆ ತಪ್ಪಿದಂಥ ಇತರ ತಪ್ಪಾದರೆ ತೆರೆದ ಅಂಗೈ. ಆಮೇಲೆ ಮೇಜಿನ ಕಡೆ ತಿರುಗಿ ಮೂರು ಮಾತು, ಮೂರೂ ಕೈಯಲ್ಲೇ: ಯಾವ ನಂಬರು, ಎಂಥ ಫೌಲು, ಮುಂದೇನು. ಹಿಂದೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಂಗಿಯ ನಂಬರು 4ರಿಂದ 15 ಮಾತ್ರ ಇರುತ್ತಿತ್ತು, ಬೆರಳಿನಲ್ಲೇ ಮುಗಿಯುತ್ತಿತ್ತು. ಈಗ 99ರ ತನಕ ಉಂಟು. 23 ಎನ್ನಬೇಕಾದರೆ ಮೊದಲು ಮುಂಗೈ ಬೆನ್ನು ತೋರಿಸಿ ಎರಡು, ಆಮೇಲೆ ಅಂಗೈ ತೋರಿಸಿ ಮೂರು. ಹೊಸ ಹುಡುಗ 23ಕ್ಕೆ 32 ತೋರಿಸಿದ. ಹುಡುಗಿಯರು ಕಿಸಕ್ಕನೆ ನಕ್ಕರು. ತಪ್ಪು ಮಾಡಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಅಲ್ಲಿ ಕಪ್ ಇಲ್ಲ, ಪಂದ್ಯ ಕಟ್ಟಿದವರಿಲ್ಲ, ನಕ್ಕವರೂ ಐದು ನಿಮಿಷಕ್ಕೆ ಮರೆತರು.

ಅಂಥ ಭಾನುವಾರಗಳು ಹತ್ತಾರು ಕಳೆದವು. ಆಮೇಲೆ ತಾಲ್ಲೂಕು ಮಟ್ಟದ ಶಾಲಾ ಪಂದ್ಯ, ಆಮೇಲೆ ಕಾಲೇಜಿನವರ ಸ್ನೇಹ ಪಂದ್ಯ. ಕೊಡುವ ದುಡ್ಡಿನಲ್ಲಿ ಬಸ್ ಚಾರ್ಜು, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಪ್ರತಿ ಪಂದ್ಯದ ನಂತರ ಬಸ್ಸಿನಲ್ಲಿ ಕೂತು ಚಿಕ್ಕ ಪುಸ್ತಕದಲ್ಲಿ ಮೂರು ಸಾಲು ಬರೆಯುತ್ತಿದ್ದ. ಏನು ಸರಿ ಹೋಯಿತು, ಏನು ಕಾಣಲಿಲ್ಲ, ಯಾವುದನ್ನು ಊದಬಾರದಿತ್ತು.

ಬಸ್ ಸೀಟಿನ ನ್ಯಾಯ

ಇಬ್ಬರು ಡಿಕ್ಕಿ ಹೊಡೆದರೆ ತಪ್ಪು ಯಾರದು? ಗಲಾಟೆ ಹೆಚ್ಚಾಗುವುದು ಇಲ್ಲೇ. ಚೆಂಡು ಹಿಡಿದು ನುಗ್ಗಿದವನದೋ, ಅಡ್ಡ ನಿಂತವನದೋ?

ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದು ಸುಲಭ. ಕಿಟಕಿಯಿಂದ ಟವೆಲ್ ಎಸೆದವನಿಗೆ ಸೀಟಿಲ್ಲ. ಬಂದು ಕೂತವನದೇ ಸೀಟು. ಇಲ್ಲೂ ಹಾಗೆಯೇ. ಎದುರಾಳಿಯ ಕಡೆ ಮುಖ ಮಾಡಿ, ಎರಡು ಕಾಲೂ ನೆಲಕ್ಕೂರಿ ಮೊದಲು ನಿಂತವನ ಜಾಗ ಅವನದು. ಅವನ ಎದೆಗೆ ನುಗ್ಗಿದರೆ ನುಗ್ಗಿದವನ ಫೌಲು. ಕೊನೇ ಗಳಿಗೆಯಲ್ಲಿ ಪಕ್ಕದಿಂದ ಸೊಂಟ ತೂರಿಸಿದರೆ ತೂರಿಸಿದವನ ಫೌಲು. ಇನ್ನೊಂದು: ಇಳಿಯುವವರಿಗೆ ಮೊದಲು ದಾರಿ ಬಿಡಬೇಕು. ಒಬ್ಬ ಮೇಲೆ ಹಾರಿದ ಮೇಲೆ ಅವನು ಇಳಿಯುವ ಜಾಗಕ್ಕೆ ಮತ್ತೊಬ್ಬ ನುಗ್ಗುವ ಹಾಗಿಲ್ಲ.

ಹೇಳುವುದು ಸುಲಭ. ನೋಡುವುದಕ್ಕೆ ಸಿಗುವುದು ಅರ್ಧ ಸೆಕೆಂಡು. ಅದೂ ಕಣ್ಣು ಸರಿಯಾದ ಕಡೆ ಇದ್ದರೆ.

ಹೊಸಬರಿಗೆಲ್ಲ ಒಂದೇ ಕಾಯಿಲೆ. ಚೆಂಡು ಎಲ್ಲಿ ಹೋದರೆ ಕಣ್ಣೂ ಅಲ್ಲಿ. ಎರಡು ಜೊತೆ ಕಣ್ಣೂ ಚೆಂಡಿನ ಮೇಲಿದ್ದರೆ ಆ ಕಡೆ ಮೊಣಕೈ ತಿವಿದವನು ಬಚಾವಾಗುತ್ತಾನೆ. ಅಂಕಣ 28 ಮೀಟರು ಉದ್ದ, 15 ಮೀಟರು ಅಗಲ. ಓಡುವವರು ಹತ್ತು ಜನ. ಅದಕ್ಕೇ ಒಬ್ಬ ರೆಫರಿ ಮುಂದೆ ಓಡಿ ಬುಟ್ಟಿಯ ಕೆಳಗಿನ ಗೆರೆಯ ಹತ್ತಿರ ನಿಲ್ಲುತ್ತಾನೆ, ಇನ್ನೊಬ್ಬ ಹಿಂದಿನಿಂದ ಬರುತ್ತಾನೆ. ಚೆಂಡು ಒಬ್ಬನ ಪಾಲಿನಲ್ಲಿದ್ದಾಗ ಇನ್ನೊಬ್ಬನ ಕಣ್ಣು ಚೆಂಡಿಲ್ಲದವರ ಮೇಲೆ.

ಇದು ಹೊಸ ಉಪಾಯವೇನೂ ಅಲ್ಲ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಶುರು ಮಾಡಿದಾಗ ಬರೆದದ್ದು ಹದಿಮೂರೇ ನಿಯಮ. ಅದರಲ್ಲೇ ಇಬ್ಬರು ತೀರ್ಪುಗಾರರು ಇದ್ದರು. ಅಂಪೈರ್ ನೋಡಬೇಕಾದ್ದು ಮನುಷ್ಯರನ್ನು, ರೆಫರಿ ನೋಡಬೇಕಾದ್ದು ಚೆಂಡನ್ನು. ನೈಸ್ಮಿತ್ತರಿಗೆ ಆಗಲೇ ಗೊತ್ತಿತ್ತು, ಒಬ್ಬನ ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ ಎಂದು.

ಮೆಟ್ಟಿಲ ಮೇಲಿನ ಹಳೇ ಪುಸ್ತಕಗಳು

ಊರಿನ ಹಳೇ ಆಟಗಾರರು ಮೆಟ್ಟಿಲ ಮೇಲೆ ಕೂರುತ್ತಾರೆ. ಒಳ್ಳೆಯವರೇ. ಆದರೆ ಅವರ ತಲೆಯಲ್ಲಿರುವ ನಿಯಮ ಅವರು ಆಡುತ್ತಿದ್ದ ಕಾಲದ್ದು. ಆಗ ಇಪ್ಪತ್ತು ಇಪ್ಪತ್ತು ನಿಮಿಷದ ಎರಡು ಪಾಳಿ. ಎಸೆಯಲಿಕ್ಕೆ 30 ಸೆಕೆಂಡು. ತಮ್ಮ ಅರ್ಧ ದಾಟಲಿಕ್ಕೆ 10 ಸೆಕೆಂಡು. 2000ದಲ್ಲಿ ಅದು ಹತ್ತು ನಿಮಿಷದ ನಾಲ್ಕು ಕ್ವಾರ್ಟರು, 24 ಸೆಕೆಂಡು, 8 ಸೆಕೆಂಡು ಆಯಿತು. ಮೂರು ಅಂಕದ ಗೆರೆ 2010ರಲ್ಲಿ 6.25 ಮೀಟರಿನಿಂದ 6.75ಕ್ಕೆ ಹಿಂದೆ ಸರಿಯಿತು. ಓಡುತ್ತ ಚೆಂಡು ಹಿಡಿಯುವಾಗ ನೆಲದ ಮೇಲಿದ್ದ ಕಾಲನ್ನು ಹೆಜ್ಜೆಯ ಲೆಕ್ಕಕ್ಕೆ ಸೇರಿಸದೆ, ಅದರ ಮೇಲೆ ಎರಡು ಹೆಜ್ಜೆ ಎನ್ನುವ ಪದ್ಧತಿ 2017ರಲ್ಲಿ ಬಂತು.

ಹುಡುಗ ಸುಮ್ಮನೆ ಬಿಟ್ಟರೆ ಮೆಟ್ಟಿಲು ‘ಸ್ಟೆಪ್ಸ್! ಸ್ಟೆಪ್ಸ್!’ ಎಂದು ಕೂಗುತ್ತದೆ. ನಿಯಮದ ಪ್ರಕಾರ ಹುಡುಗನೇ ಸರಿ. ಆದರೆ ಮೈಕಿನ ಮುಂದೆ ನಿಂತು ನಿಯಮ ಓದುವ ಕೆಲಸ ಅವನದಲ್ಲ. ನುಂಗಿಕೊಂಡು ಓಡಬೇಕು, ಅಷ್ಟೆ.

ಆ ರಾತ್ರಿ

ದೀಪದ ಪಂದ್ಯಾವಳಿಯಲ್ಲಿ ಅವನಿಗೆ ಸಿಕ್ಕ ಮೊದಲ ದೊಡ್ಡ ಪಂದ್ಯ. ಜೊತೆಗೆ ಹಿರಿಯ ರೆಫರಿಯೊಬ್ಬರು. ಕೊನೆಯ ಕ್ವಾರ್ಟರು, ಮೂರು ನಿಮಿಷ ಬಾಕಿ, ಹತ್ತಿರದ ಸ್ಕೋರು. ಕೆಂಪು ತಂಡದವನು ನೀಲಿಯವನನ್ನು ತಳ್ಳಿದ. ನೀಲಿಯವನು ಬುಟ್ಟಿಗೆ ಎಸೆಯುತ್ತಿರಲಿಲ್ಲ. ಹುಡುಗ ಊದಿದ, ಮೇಜಿನ ಕಡೆ ನೋಡಿದ. ತಂಡದ ಫೌಲಿನ ಕೆಂಪು ಗುರುತು ಮೇಲಿತ್ತು. ಎರಡು ಫ್ರೀ ಥ್ರೋ ಎಂದ. ಮೊದಲನೆಯದು ಬಿತ್ತು. ಎರಡನೆಯದು ರಿಂಗಿಗೆ ಬಡಿದು ಆಚೆ ಬಂತು, ಆಟ ಓಡಿತು, ಚೆಂಡು ಗೆರೆ ದಾಟಿ ಹೊರಗೆ ಹೋಯಿತು.

ಅಷ್ಟರಲ್ಲಿ ಮೇಜಿನ ಗಂಟೆ ಬಾರಿಸಿತು. ಅಲ್ಲಿ ಕೂತ ಹುಡುಗ ಅವಸರದಲ್ಲಿ ಗುರುತನ್ನು ಮೊದಲೇ ಎತ್ತಿಬಿಟ್ಟಿದ್ದ. ತಂಡದ ಫೌಲು ಅದು ಐದನೆಯದಲ್ಲ, ನಾಲ್ಕನೆಯದು. ಫ್ರೀ ಥ್ರೋ ಸಲ್ಲಬೇಕಾದ್ದೇ ಇರಲಿಲ್ಲ.

ಹಿರಿಯರು ಬಂದರು, ಶೀಟು ನೋಡಿದರು, ಕೊಟ್ಟ ಒಂದು ಅಂಕವನ್ನು ರದ್ದು ಮಾಡಿದರು. ನಿಯಮದಲ್ಲಿ ಅದಕ್ಕೆ ಅವಕಾಶ ಉಂಟು. ಸಲ್ಲದ ಫ್ರೀ ಥ್ರೋ ಕೊಟ್ಟರೆ, ಸಲ್ಲುವುದನ್ನು ಕೊಡದೆ ಹೋದರೆ, ತಪ್ಪು ಆಟಗಾರ ಎಸೆದರೆ ತಿದ್ದಬಹುದು. ಗಡಿಯಾರ ಮತ್ತೆ ಓಡಿ, ಆಟ ಮೊದಲ ಸಲ ನಿಂತಾಗ, ಚೆಂಡು ಮತ್ತೆ ಆಟಕ್ಕೆ ಬರುವ ಮುಂಚೆ ಹೇಳಬೇಕು. ಆಮೇಲೆ ಬಾಗಿಲು ಮುಚ್ಚಿದ ಹಾಗೆ. ಇಲ್ಲಿ ಬಾಗಿಲು ತೆರೆದೇ ಇತ್ತು. ತಿದ್ದಿದ್ದು ಸರಿಯಾಗಿಯೇ ಇತ್ತು.

ಮೆಟ್ಟಿಲಿಗೆ ಅದೆಲ್ಲ ಬೇಕೇ? ‘ಕೊಟ್ಟ ಪಾಯಿಂಟು ಕಿತ್ಕೋತೀರಾ?’ ‘ಎಷ್ಟು ತಗೊಂಡೆ ಲೋ?’ ನೀಲಿ ತಂಡ ಒಂದೇ ಅಂಕದಲ್ಲಿ ಸೋತಿತು. ಹತ್ತು ಹದಿನೈದು ಜನ ಸುತ್ತ ನಿಂತರು. ಯಾರೋ ಅಂಗಿ ಹಿಡಿದು ಎಳೆದರು. ಮೇಷ್ಟ್ರು ನಡುವೆ ನುಗ್ಗಿ ಕೈ ಹಿಡಿದು ಕರೆತಂದರು. ಕೊನೇ ಬಸ್ಸು ಹೋಗಿಯಾಗಿತ್ತು. ಹುಡುಗ ಕೆಲಸದ ಅಂಗಡಿಯ ಅಟ್ಟದ ಮೇಲೆ ಮಲಗಿದ.

‘ನನ್ನ ಕೈಲಾಗಲ್ಲ ಸಾರ್’ ಎಂದು ಸೀಟಿ ತೆಗೆದು ಮೇಷ್ಟ್ರ ಕೈಗಿಟ್ಟ.

ಮೇಷ್ಟ್ರು ತೆಗೆದುಕೊಳ್ಳಲಿಲ್ಲ. ‘ಪುಸ್ತಕದಲ್ಲೇ ತಿದ್ದೋಕೆ ಜಾಗ ಇಟ್ಟಿದಾರೆ ಕಣಯ್ಯ. ಯಾಕೆ? ಊದೋನು ಮನುಷ್ಯ ಅಂತ ಬರೆದೋರಿಗೆ ಗೊತ್ತಿತ್ತು. ನೀನು ಮಾಡಿದ ತಪ್ಪು ಒಂದೇ. ಗುರುತು ನೋಡಿದೆ, ಬಾಯಿಬಿಟ್ಟು ಎಷ್ಟನೇದು ಅಂತ ಕೇಳಲಿಲ್ಲ. ಇನ್ನು ಮೇಲೆ ಕೇಳು’ ಎಂದರು.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆ ಗಿರಾಕಿಯೊಬ್ಬರು ಬಂದರು. ಹುಡುಗನಿಗೆ ಗುರುತು ಸಿಕ್ಕಿತು: ರಾತ್ರಿ ‘ಎಷ್ಟು ತಗೊಂಡೆ’ ಎಂದು ಕೂಗಿದ ದನಿ ಅದೇ. ಬೂದು ಅಂಗಿ ಇಲ್ಲದ್ದರಿಂದ ಅವರಿಗೆ ಗುರುತು ಸಿಗಲಿಲ್ಲ. ನಿದ್ದೆಗೆಟ್ಟ ಕಣ್ಣು, ಬಿಲ್ಲಿನಲ್ಲಿ ಮೂವತ್ತು ರೂಪಾಯಿ ಹೆಚ್ಚು ಕೂಡಿಬಿಟ್ಟಿದ್ದ. ಅವರೇ ತೋರಿಸಿದರು.

‘ತಪ್ಪಾಯ್ತು ಸಾರ್, ತಿದ್ದಿ ಕೊಡ್ತೀನಿ.’

‘ಅಯ್ಯೋ ಇರಲಿ ಬಿಡಪ್ಪಾ, ಮನುಷ್ಯರು ಅಂದಮೇಲೆ ತಪ್ಪಾಗುತ್ತೆ’ ಎಂದು ನಕ್ಕು ಚೀಲ ಎತ್ತಿಕೊಂಡು ಹೋದರು.

ಊರು ಮಾಡಬಹುದಾದ್ದು

ಆಡುವವರು ಎಷ್ಟೇ ಇದ್ದರೂ ಸೀಟಿ ಇಲ್ಲದೆ ಪಂದ್ಯ ಶುರುವಾಗುವುದಿಲ್ಲ. ಈಗ ಊದುತ್ತಿರುವ ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ. ಹೊಸಬನನ್ನು ಮೊದಲ ವರ್ಷವೇ ಓಡಿಸಿದರೆ ನಷ್ಟ ಅವನಿಗಲ್ಲ. ಕಪ್ ಕೊಟ್ಟವರಿಗೆ, ಟೀಮು ಕಟ್ಟಿದವರಿಗೆ.

ಮಾಡಬೇಕಾದ್ದು ದೊಡ್ಡದೇನೂ ಇಲ್ಲ. ಹೊಸ ರೆಫರಿಗೆ ಮೊದಲು ಮಕ್ಕಳ ಪಂದ್ಯ ಕೊಡಬೇಕು, ಪಕ್ಕದಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸಬೇಕು. ಬಸ್ ಚಾರ್ಜನ್ನು ಪಂದ್ಯ ಮುಗಿದ ಕೂಡಲೇ ಕೈಗೆ ಕೊಡಬೇಕು. ‘ನಾಳೆ ಬಾ’ ಎನ್ನಬಾರದು. ಮೈಕಿನಲ್ಲಿ ಆಟಗಾರರ ಜೊತೆ ಅವನ ಹೆಸರನ್ನೂ ಒಂದು ಸಲ ಹೇಳಬೇಕು. ಹೆಸರು ಗೊತ್ತಿದ್ದವನನ್ನು ಬೈಯಲು ನಾಲಿಗೆ ಸ್ವಲ್ಪ ಹಿಂಜರಿಯುತ್ತದೆ. ಗಲಾಟೆ ಎದ್ದರೆ ಬಸ್ ಸ್ಟ್ಯಾಂಡಿನ ತನಕ ಇಬ್ಬರು ಜೊತೆಗೆ ಹೋಗಬೇಕು. ಹೆಣ್ಣು ಮಕ್ಕಳನ್ನೂ ಈ ಕೆಲಸಕ್ಕೆ ಕರೆಯಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ತಾಲ್ಲೂಕಿನಿಂದ ತಾಲ್ಲೂಕಿಗೆ ಅವರ ಸರ್ಕಾರಿ ಬಸ್ಸಿನ ಖರ್ಚಂತೂ ಉಳಿದಿದೆ.

ಕಲಿಯುವವರೂ ಒಂದು ಮಾಡಬೇಕು. ಪಂದ್ಯ ನೋಡುವಾಗ ಚೆಂಡು ಬಿಟ್ಟು ರೆಫರಿಯನ್ನು ನೋಡಬೇಕು. ಎಲ್ಲಿ ನಿಲ್ಲುತ್ತಾನೆ, ಯಾವಾಗ ತಿರುಗುತ್ತಾನೆ, ಎಷ್ಟು ಸಲ ಊದದೆ ಸುಮ್ಮನಿರುತ್ತಾನೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಮಹಿಳಾ ಪಂದ್ಯಾವಳಿ ನಡೆದು ಭಾರತದ ಹುಡುಗಿಯರು ಬಿ ವಿಭಾಗ ಗೆದ್ದಾಗ ಜನ ನೋಡಿದ್ದು ಬುಟ್ಟಿಯನ್ನು. ಸೀಟಿಯವರನ್ನು ನೋಡಿದವರಿಗೆ ಅದೇ ಟಿಕೆಟಿನಲ್ಲಿ ಒಂದು ಪಾಠವೂ ಸಿಕ್ಕಿತು.

ಆ ಹುಡುಗ ಬಿಟ್ಟನೇ? ಇಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಮಕ್ಕಳ ಪಂದ್ಯ ಇತ್ತು. ಮೊದಲ ಬಸ್ಸಿಗೇ ಬಂದಿಳಿದ. ಮೊದಲ ಫೌಲು ಊದಿದ, ಮುಷ್ಟಿ ಎತ್ತಿದ, ಮೇಜಿನ ಹತ್ತಿರ ಹೋಗಿ ಗಟ್ಟಿಯಾಗಿ ಕೇಳಿದ: ‘ಟೀಮ್ ಫೌಲು ಎಷ್ಟನೇದು?’

‘ಒಂದನೇದು ಅಣ್ಣಾ’ ಎಂದಿತು ಪೆನ್ನು ಹಿಡಿದು ಕೂತಿದ್ದ ಹೊಸ ಹುಡುಗಿ.